ಎರಡನೇ ಸಲ ಕೇಳದ ಊರು

ಮುಂದಿನ ಟ್ರಕ್ಕಿನಿಂದ ಒಂದು ಒಣಹುಲ್ಲಿನ ಎಳೆ ಹಾರಿ ಬಂದು ಗಾಜಿಗೆ ಬಡಿದು, ವೈಪರ್ ಕಡ್ಡಿಗೆ ಸಿಕ್ಕಿಕೊಂಡು, ಗಾಳಿಗೆ ಪಟಪಟ ಎನ್ನುತ್ತಿದೆ, ಬೀಳುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ — ಡಿಫರ್ ಎಂದರೆ ಹೀಗೇ ಅಲ್ಲವೇ, ಮೃಣಾಲಿನಿ ಅಂದುಕೊಂಡಳು, ಇಲ್ಲ ಎಂದಿಲ್ಲ, ಹೌದು ಎಂದಿಲ್ಲ, ಡಿಸೆಂಬರಿನಲ್ಲಿ ಡ್ಯಾಲಸ್ಸಿನ ಆ ಸಣ್ಣ ಕಾಲೇಜಿನವರು ಮಗಳಿಗೆ ಬರೆದದ್ದು ಅಷ್ಟೇ, ನಿಮ್ಮ ಅರ್ಜಿಯನ್ನು ಫೆಬ್ರವರಿ ಕೊನೆಗೆ ಮತ್ತೊಮ್ಮೆ ನೋಡುತ್ತೇವೆ, ಈಗ ಫೆಬ್ರವರಿ ಅರ್ಧ ಕಳೆದಿದೆ, ಶಾಲೆಗೆ ರಜ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಮನೆಯಿಂದ ಬೆಳಕು ಹರಿಯುವ ಮೊದಲೇ ಹೊರಟದ್ದು, ಹ್ಯೂಸ್ಟನ್ನಿನ ಮೇಲ್ಸೇತುವೆಗಳು ಒಂದರ ಮೇಲೊಂದು ಬಿದ್ದು ಹಿಂದೆ ಸರಿದು, ಈಗ ಎರಡೂ ಬದಿಗೆ ಪೈನ್ ಮರ, ಅಪಘಾತದ ಲಾಯರುಗಳ ಹಲ್ಲು ಕಿರಿದ ಬೋರ್ಡುಗಳು. ಪಕ್ಕದ ಸೀಟಿನಲ್ಲಿ ನಿಶಿತಾ ಜಾಕೆಟ್ಟಿನ ಹುಡ್ ತಲೆಗೆ ಎಳೆದುಕೊಂಡು ಕಿಟಕಿಗೆ ತಲೆ ಆನಿಸಿದ್ದಾಳೆ, ನಿದ್ದೆಯೋ ಮೌನವೋ, ಇವಳಲ್ಲಿ ಎರಡೂ ನೋಡಲಿಕ್ಕೆ ಒಂದೇ, ಹದಿನೇಳು ವರ್ಷದಿಂದ ಈ ಮುಖವನ್ನು ನೋಡುತ್ತಿದ್ದೇನೆ, ಇದರೊಳಗೆ ಏನು ಬೇಕೆಂದಿದೆ ಎಂದು ಒಮ್ಮೆಯಾದರೂ ಗೊತ್ತಾಗಿದೆಯೇ. ಬೆಳಿಗ್ಗೆ ಕಾರು ಹತ್ತುವ ಮೊದಲು ಗರಾಜಿನ ಬಾಗಿಲಲ್ಲಿ ನಿಂತು, ಅಮ್ಮಾ, ಪ್ರಾಮಿಸ್ ಮಿ, ಅಲ್ಲಿ ನೀನು ಮಾತಾಡಬಾರದು, ಅಂದಳು, ಇಂಗ್ಲಿಷಿನಲ್ಲೇ ಅಂದಳು, ಆ ‘ಅಮ್ಮಾ’ ಒಂದು ಮಾತ್ರ ಕನ್ನಡ. ಆಯ್ತು ಮಗಳೇ, ತುಟಿ ಹೊಲಿದುಕೊಂಡು ಬರ್ತೀನಿ, ಅಂದೆ. ನಗಲಿಲ್ಲ. ಇವತ್ತು ಬಾಯಿ ಬಿಡುವುದಿಲ್ಲ, ಏನೇ ಆಗಲಿ ಬಿಡುವುದಿಲ್ಲ, ಮೃಣಾಲಿನಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು, ಬಾಯಿಬಿಟ್ಟದ್ದರಿಂದಲೇ ತಾನೆ ಇಷ್ಟೆಲ್ಲ.

ಅಂಕದ ಮಾತಲ್ಲ ಮೃಣಾಲಿನಿ, ಅಂದಿದ್ದಳು ಶಾಲೆಯ ಕೌನ್ಸೆಲರ್, ಒಳ್ಳೆಯ ಹೆಂಗಸು, ಹೆಸರನ್ನು ತುಂಡು ತುಂಡು ಮಾಡಿಯಾದರೂ ಪೂರ್ತಿ ಹೇಳುವವಳು, ಅಂಕ ಸರಿಯಿದೆ, ಪ್ರಬಂಧ ಚೆನ್ನಾಗಿದೆ, ಆದರೆ ನಿಮ್ಮ ಮಗಳಿಗೆ ಅಲ್ಲಿಗೆ ಹೋಗುವ ಮನಸ್ಸಿದೆ ಅಂತ ಅವರಿಗೆ ಅನ್ನಿಸಿಲ್ಲ, ಸಣ್ಣ ಕಾಲೇಜು ನೋಡಿ, ಸೀಟು ಸಿಕ್ಕವರೆಲ್ಲ ಬೇರೆ ಕಡೆ ಹೋಗಿಬಿಟ್ಟರೆ ಬೆಂಚು ಖಾಲಿ, ಹಾಗಾಗಿ ಯಾರು ಬಂದು ನೋಡಿದರು, ಯಾರು ಪ್ರಶ್ನೆ ಕೇಳಿದರು, ಯಾರು ಮಾತಾಡಿದರು ಅಂತ ಗಮನಿಸುತ್ತಾರೆ, ನಾನು ಫೋನ್ ಮಾಡಿ ವಿಚಾರಿಸಿದೆ, ಅಕ್ಟೋಬರಿನಲ್ಲಿ ನೀವು ಹೋದಾಗ ಪ್ರೊಫೆಸರ್ ಜೊತೆ ಇಂಟರ್‌ವ್ಯೂ ಬೇಕೇ ಅಂತ ಅವರೇ ಕೇಳಿದರಂತೆ, ನೀವು ಬೇಡ ಅಂದಿರಂತೆ, ನಿಜವೇ? ನಿಜ. ಆದರೆ ಬೇಡ ಅಂದದ್ದು ಬೇಡ ಅಂತಲ್ಲ — ಇದನ್ನು ಆ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು. ಅವತ್ತು ಕ್ಯಾಂಪಸ್ಸೆಲ್ಲ ಸುತ್ತಿ ಬಂದಿದ್ದೆವು, ಓಕ್ ಮರದ ಕೆಳಗೆ ಹುಡುಗರು ಸದ್ದಿಲ್ಲದೆ ಕೈಯಲ್ಲೇ ಮಾತಾಡುತ್ತಾ ನಗುತ್ತಿದ್ದರು, ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿಸುವ ವಿಭಾಗ, ಅದರ ಮುಖ್ಯಸ್ಥೆ ಪ್ರೊಫೆಸರಿಗೂ ಕಿವಿ ಕೇಳಿಸುವುದಿಲ್ಲ, ನಿಶಿತಾ ಅವರನ್ನೆಲ್ಲ ದೂರದಿಂದ ನೋಡುತ್ತಾ ನಿಂತಿದ್ದಳು, ಹಸಿದವಳು ಮಿಠಾಯಿ ಅಂಗಡಿ ನೋಡಿದ ಹಾಗೆ, ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಕೌಂಟರಿನ ಹುಡುಗಿ, ಮಧ್ಯಾಹ್ನ ಪ್ರೊಫೆಸರ್ ಬಿಡುವಾಗಿದ್ದಾರೆ, ಮಾತಾಡಿಕೊಂಡು ಹೋಗುತ್ತೀರಾ, ಅಂದಳು. ನಿಶಿತಾ, ಓಹ್, ಐ ಆಮ್ ಗುಡ್, ಥ್ಯಾಂಕ್ ಯೂ ಸೋ ಮಚ್, ಅಂದಳು — ಬೇಡ ಅನ್ನುವುದನ್ನು ಎಷ್ಟು ಹಿತವಾಗಿ ಅಂದಳು, ನನ್ನ ಎದೆ ಉಬ್ಬಿತು, ಮೇಲೆ ನಾನೂ ಸೇರಿಸಿದೆ, ನೋ ನೋ, ಅವರಿಗೆ ಯಾಕೆ ತೊಂದರೆ — ಅಂದು ನಗುತ್ತಾ ನಿಂತೆ. ಇನ್ನೊಂದು ಸಲ ಕೇಳುತ್ತಾಳೆ ಅಂತ ನಿಂತೆ. ಅಯ್ಯೋ ತೊಂದರೆ ಏನು ಬಂತು, ಬನ್ನಿ ಬನ್ನಿ, ಅನ್ನುತ್ತಾಳೆ ಅಂತ. ನೋ ಪ್ರಾಬ್ಲಮ್! ಅಂದಳು ಅವಳು, ಚಕ್ಕನೆ ಹಿಂದಿನವರ ಕಡೆ ತಿರುಗಿದಳು, ಹಿಂದೆ ಚರ್ಮದ ಬೂಟು ಹಾಕಿದ ಅಪ್ಪ ಮಗ, ಅವರನ್ನೂ ಅದನ್ನೇ ಕೇಳಿದಳು, ಯೆಸ್ ಮ್ಯಾಮ್, ಅಂದ ಹುಡುಗ, ವಾಕ್ಯ ಮುಗಿಯುವುದಕ್ಕೂ ಬಿಡಲಿಲ್ಲ. ಪಾರ್ಕಿಂಗಿಗೆ ನಿಧಾನವಾಗಿ ನಡೆದೆ, ಯಾರಾದರೂ ಹಿಂದಿನಿಂದ ಕೂಗಬಹುದು ಅಂತ, ಕಾರಿನ ಬೀಗವನ್ನೂ ತಡವಾಗಿ ತೆಗೆದೆ, ಯಾರು ಕೂಗುತ್ತಾರೆ.

ಕೂಗುವವರು ಬೇರೆ ಊರಿನಲ್ಲಿದ್ದರು. ಮೈಸೂರಿನ ಛತ್ರಗಳಲ್ಲಿ, ಪಂಕ್ತಿಯಲ್ಲಿ ಕೂತಾಗ, ಅಮ್ಮ ಕಿವಿಯಲ್ಲಿ ಹೇಳುತ್ತಿದ್ದಳು, ಹೋಳಿಗೆ ಬಂದಾಗ ಎಲೆ ಮೇಲೆ ಕೈ ಅಡ್ಡ ಹಿಡಿ, ಹಸಿದು ಬಂದವರ ಹಾಗೆ ಕಾಣಬಾರದು, ಆದರೆ ಬೆರಳ ಸಂದಿ ಒಂಚೂರು ಬಿಟ್ಟಿರು — ಅಡ್ಡ ಹಿಡಿದ ಕೈ, ಮೇಲೆ ಬಡಿಸುವವರ ಒತ್ತಾಯ, ಒಂದೇ ಒಂದು ಕಣೇ, ಮದುವೆ ಮನೆ ಕಣೇ, ಬೇಡ ಮಾಮಾ, ಸಾಕು ಮಾಮಾ, ಮೂರನೇ ಸಲಕ್ಕೆ ಬೆರಳ ಸಂದಿಯಿಂದಲೇ ತುಪ್ಪ ಇಳಿದು ಎಲೆ ಮುಟ್ಟುತ್ತಿತ್ತು, ಬೆರಳು ನೆಕ್ಕಿದರೆ ಅದೂ ಸಿಹಿ. ಅದನ್ನೇ ಇವಳಿಗೂ ಕಲಿಸಿದೆ. ಸೈಪ್ರೆಸ್ಸಿನ ಗೃಹಪ್ರವೇಶಗಳಲ್ಲಿ, ಮಿಸೌರಿ ಸಿಟಿಯ ಗಣೇಶನ ಊಟಗಳಲ್ಲಿ, ಪುಟ್ಟ ಹುಡುಗಿ ತಟ್ಟೆಯ ಮೇಲೆ ಕೈ ಹಿಡಿದು ಐ ಆಮ್ ಗುಡ್ ಆಂಟಿ ಅಂದರೆ ಸುತ್ತಲಿನವರು, ಎಷ್ಟು ಚೆನ್ನಾಗಿ ಬೆಳೆಸಿದೀರ, ಅನ್ನುವರು, ನಮ್ಮವು ನೋಡಿ ಪಾತ್ರೆಗೇ ಕೈ ಹಾಕ್ತವೆ. ಪಾತ್ರೆಗೇ ಕೈ ಹಾಕಿದ ಆ ಮಕ್ಕಳೆಲ್ಲ ಈಗ ಎಲ್ಲೆಲ್ಲಿ ಸೇರಿದವು. ಫುಲ್‌ಶೀರಿನ ಗೆಳತಿ ಶಕುಂತಲಾ, ಬಾಯಿ ತುಂಬ ನಗುತ್ತಾ, ಹುಬ್ಬಳ್ಳಿಯವಳು, ಸುತ್ತಿಬಳಸಿ ಮಾತಾಡಲಿಕ್ಕೆ ಬರುವುದಿಲ್ಲ ಆಕೆಗೆ, ಏನ್ರೀ ಮೃಣಾಲಿನಿ, ಬ್ಯಾಡ ಅಂದ್ರ ಇಲ್ಲಿ ಬ್ಯಾಡ ಅಂತನ ತಿಳ್ಕೋತಾರ್ರಿ, ಮೂರು ಸಲ ಕೇಳಾಕ ಅವ್ರೇನು ನಿಮ್ಮ ಬೀಗರೇನು? ನಮ್ಮ ಅಖಿಲ್ ನೋಡ್ರಿ, ಹೋದಲ್ಲೆಲ್ಲಾ ಕೈ ಕುಲುಕಿ ನನಗ ಇದ ಕಾಲೇಜ್ ಬೇಕು ಅಂತ ಹೇಳಿ ಬಂದಾನ, ಆರು ಕಡೆ ಹಂಗ ಹೇಳ್ಯಾನ, ಆರೂ ಕಡೆ ನಂಬ್ಯಾರ! ಅಂದು ಚಹಾ ಚೆಲ್ಲುವಷ್ಟು ನಕ್ಕಳು, ನಾನೂ ನಕ್ಕೆ, ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ನಿಂತೆ.

ಫೋನ್ ಗುಂಯ್‌ಗುಟ್ಟಿತು, ಕಾರಿನ ತುಂಬ ಗಂಡ ಅನೂಪನ ದನಿ, ಆಸ್ಟಿನ್ನಿನಿಂದ, ವಾರದ ದಿನಗಳಲ್ಲಿ ಅವನಿರುವುದು ಅಲ್ಲೇ, ಆಫೀಸು ಅಲ್ಲಿ, ಎಲ್ಲಿಗೆ ಬಂದ್ರಿ, ಅಂದ. ಹಂಟ್ಸ್‌ವಿಲ್ ದಾಟಿದ್ವಿ, ಹೆದ್ದಾರಿ ಬದಿಯ ಆ ದೊಡ್ಡ ಬಿಳಿ ಪ್ರತಿಮೆ ಹಿಂದೆ ಹೋಯ್ತು. ಗುಡ್, ಕೇಳು, ನಿನ್ನೆ ಕಾಲೇಜಿಂದ ಮತ್ತೆ ಒಂದು ಮೇಲ್ ಬಂತು ಅವಳಿಗೆ, ನಾನು ಓಪನ್ ಮಾಡಿದೀನಿ, ಕೊನೇವರೆಗೂ ಸ್ಕ್ರೋಲ್ ಮಾಡಿ ಎರಡು ಲಿಂಕ್ ಕ್ಲಿಕ್ ಮಾಡಿದೀನಿ. ಡ್ಯಾಡ್, ಸ್ಟಾಪ್, ಹುಡ್ಡಿನ ಒಳಗಿನಿಂದ ಬಂತು, ಹಾಗಾದರೆ ನಿದ್ದೆಯಲ್ಲ. ಯಾಕಮ್ಮ ಸ್ಟಾಪ್, ಯಾರು ಮೇಲ್ ತೆಗೆದ್ರು ಅಂತ ಅವರಿಗೆ ಕಾಣ್ಸುತ್ತೆ, ಇಂಟರೆಸ್ಟ್ ಅಂದ್ರೆ ಏನು, ಡೇಟಾ ತಾನೆ, ನಮ್ಮ ಕಂಪನೀಲೂ ಗಿರಾಕಿಗಳನ್ನ ಹೀಗೇ ಅಳೆಯೋದು, ಅಪ್ಪ ಸೆಪ್ಟೆಂಬರಿಂದ ಒಂದು ಮೇಲೂ ಬಿಟ್ಟಿಲ್ಲ. ಬಿಟ್ಟಿಲ್ಲ, ನಿಜ. ಶಾಲೆಯಲ್ಲಿ ಪಾಠ ನಡೆಯುವ ಹೊತ್ತಿಗೂ ಮೇಲ್ ಬಂದ ಕ್ಷಣವೇ ತೆರೆಯಲ್ಪಡುತ್ತಿತ್ತು, ಡ್ಯಾಲಸ್ಸಿನ ಯಾವುದೋ ಪರದೆಯ ಮೇಲೆ ನನ್ನ ಮಗಳು ಹಗಲಿರುಳು ಆಸೆಪಟ್ಟು ಕೂತ ಹಾಗೆ ಕಂಡಿರಬೇಕು, ಎದುರಿಗೆ ಬಂದಾಗ ಮಾತ್ರ ಒಂದು ಮಾತಿಲ್ಲ, ಶಕುಂತಲಾ ಇದನ್ನೂ ಬಿಡಲಿಲ್ಲ, ಅರ್ಜಿ ಹಾಕಿದಾಕಿ ಮಗಳೋ ನಿಮ್ಮ ಯಜಮಾನರೋ, ಕಡೀಗೆ ಹಾಸ್ಟೆಲಿಗೆ ಯಾರು ಹೋಗ್ತಾರ್ರಿ? ಪಾಪ ಅನೂಪ್, ಅವನಿಗೆ ಬಾಯಿ ಬರುವುದಿಲ್ಲ, ಬೆರಳು ಬರುತ್ತದೆ, ಇಪ್ಪತ್ತು ವರ್ಷದ ಹಿಂದೆ ನನ್ನನ್ನು ನೋಡಲು ಬಂದಾಗಲೂ ತಟ್ಟೆಯ ಗೋಡಂಬಿಯನ್ನು ಸಾಲಾಗಿ ಜೋಡಿಸುತ್ತಾ ಕೂತಿದ್ದ, ಹಿರಿಯರು ನನ್ನನ್ನು ಕೇಳಿದರು, ಒಪ್ಪಿಗೆಯೇನಮ್ಮಾ, ನಾನು ತಲೆ ತಗ್ಗಿಸಿದೆ, ಮೌನ ಅಂದರೆ ಸಮ್ಮತಿ, ಎಲ್ಲರೂ ನಕ್ಕು ಹಾಲು ಕುಡಿದರು, ಅಲ್ಲಿ ಮೌನ ಹೌದು ಆಗುತ್ತಿತ್ತು. ಇಲ್ಲಿ ಆಗುವುದಿಲ್ಲ. ಆಸ್ಟಿನ್ನಿನಲ್ಲಿದ್ದ ಮೊದಲ ವರ್ಷಗಳಲ್ಲಿ, ನೀರು ಪರೀಕ್ಷಿಸುವ ಲ್ಯಾಬಿನಲ್ಲಿ, ಈ ಪ್ರಾಜೆಕ್ಟನ್ನು ನೀನು ನಡೆಸುತ್ತೀಯಾ ಅಂತ ಬಾಸ್ ಕೇಳಿದಾಗ ಸುಮ್ಮನೆ ನಕ್ಕಿದ್ದೆ, ಸಂಜೆಯ ಹೊತ್ತಿಗೆ ಅದು ಬೇರೆಯವರ ಮೇಜಿನ ಮೇಲಿತ್ತು, ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ, ನನ್ನನ್ನು ಬಿಟ್ಟುಬಿಡುವುದೇ ಮರ್ಯಾದೆ ಅಂದುಕೊಂಡ. ಅಷ್ಟು ಕಂಡವಳು, ಅದನ್ನೇ ಎತ್ತಿ ಮಗಳ ತಟ್ಟೆಗೆ ಬಡಿಸಿದೆನಲ್ಲ. ಆಸ್ಟಿನ್ನಿನ ದೊಡ್ಡ ಯೂನಿವರ್ಸಿಟಿಗೆ ಇದ್ಯಾವುದೂ ಬೇಕಿಲ್ಲ, ಬಂದಿರಾ ಹೋದಿರಾ ಅಂತ ನೋಡುವುದಿಲ್ಲ, ಶಾಲೆಯ ರ‍್ಯಾಂಕು ಒಂದು ಗೆರೆ ದಾಟಿದ್ದರೆ ಸಾಕು, ಆದರೆ ಇವಳ ರ‍್ಯಾಂಕು ಆ ಗೆರೆಯ ಸ್ವಲ್ಪ ಈಚೆಗೇ ನಿಂತಿತು, ಇನ್ನುಳಿದವು ಕಂಪ್ಯೂಟರ್ ಕಲಿಸುವ ಕಡೆಗಳು, ಕಿವಿ ಕೇಳಿಸದ ಮಕ್ಕಳ ಮೇಷ್ಟ್ರಾಗಲು ಇರುವುದು ಇದೊಂದೇ ಬಾಗಿಲು. ಆಲ್ ದ ಬೆಸ್ಟ್ ಚಿನ್ನ, ಅಂದ ಅನೂಪ್. ಥ್ಯಾಂಕ್ಸ್ ಡ್ಯಾಡ್. ಫೋನ್ ಆರಿತು, ಮತ್ತೆ ಚಕ್ರದ ಸದ್ದು.

ಬೀವರಿನ ಚಿತ್ರವಿರುವ ದೊಡ್ಡ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಕಾರಿನಲ್ಲೇ ಡಬ್ಬಿ ತೆರೆದಳು, ಚಿತ್ರಾನ್ನ, ಇನ್ನೂ ಬೆಚ್ಚಗಿದೆ, ನಿಂಬೆ, ಕರಿಬೇವು, ಕಾರೆಲ್ಲ ಘಮ್ಮೆಂದಿತು, ತಿಂತೀಯಾ? ಐ ಆಮ್ ಗುಡ್. ಬೆಳಿಗ್ಗೆ ಹಾಲೂ ಕುಡಿದಿಲ್ಲ ಇವಳು, ಇನ್ನೊಂದು ಸಲ ಕೇಳಲು ನಾಲಗೆ ಎದ್ದೇ ಬಿಟ್ಟಿತ್ತು, ಸ್ವಲ್ಪ ತಿನ್ನೇ, ಒಂದೇ ತುತ್ತು ಕಣೇ — ಇಲ್ಲ. ಕೇಳುವುದಿಲ್ಲ. ಇವತ್ತು ಕೇಳುವುದಿಲ್ಲ. ತಾನು ನಾಲ್ಕು ತುತ್ತು ತಿಂದು, ಡಬ್ಬಿ ಮುಚ್ಚಿ, ಇಬ್ಬರ ನಡುವೆ ಇಟ್ಟು, ಕಾರನ್ನು ಹೆದ್ದಾರಿಗೆ ತಂದಳು. ಪೈನ್ ಮರ ಮುಗಿದು ಬಯಲು ಶುರುವಾಯಿತು, ಚಳಿಗೆ ಕಂದಿದ ಹುಲ್ಲು, ಕಪ್ಪು ದನಗಳು ಒಂದೇ ಕಡೆ ಮುಖ ಮಾಡಿ ನಿಂತಿವೆ, ಬಫಲೋ ಅನ್ನುವ ಊರಿನ ಬೋರ್ಡು ಬಂದು ಹೋಯಿತು, ನಿಶಿತಾ ಹುಡ್ ತೆಗೆದಳು, ಡಬ್ಬಿ ನೋಡಿದಳು, ರಸ್ತೆ ನೋಡಿದಳು, ಕೊನೆಗೆ, ಅಮ್ಮಾ, ಆರ್ ಯು ನಾಟ್ ಗೋಯಿಂಗ್ ಟು ಆಸ್ಕ್ ಅಗೇನ್? ಇಲ್ಲ ಕಣೇ. ಯಾಕೆ? ನಿಂಗೆ ಬೇಕಾದ್ರೆ ನೀನೇ ಹೇಳು. ದಟ್ಸ್ ಸೋ ಮೀನ್! ಅಂದಳು, ಅರ್ಧ ನಗು, ಅರ್ಧ ನಿಜ. ಹೇಳುತ್ತಾಳೇನೋ ಎಂದು ಕಾದಳು ಮೃಣಾಲಿನಿ, ‘ಬೇಕು’ ಅನ್ನುವುದು ಎಷ್ಟು ಸಣ್ಣ ಮಾತು, ಎರಡಕ್ಷರ, ಅಂಗಳದಲ್ಲಿ ತೆವಳುವ ಮಗುವಿಗೂ ಬರುತ್ತದೆ. ಹೇಳಲಿಲ್ಲ. ತುಂಬ ಹೊತ್ತಾದ ಮೇಲೆ ಕೈ ಮೆಲ್ಲಗೆ ಬಂದು ಡಬ್ಬಿಯ ಮುಚ್ಚಳ ತೆಗೆಯಿತು, ಶಬ್ದವಾಗದ ಹಾಗೆ, ಕದಿಯುವವರ ಹಾಗೆ, ಕಿಟಕಿಯ ಕಡೆ ತಿರುಗಿ ತಿಂದಳು. ತಿನ್ನಲಿ. ತೆಗೆದುಕೊಳ್ಳುತ್ತಾಳೆ, ಕೇಳುವುದಿಲ್ಲ. ಆದರೆ ಸೀಟನ್ನು ಯಾರೂ ಹೀಗೆ ನಡುವೆ ಇಟ್ಟು ಹೋಗುವುದಿಲ್ಲವಲ್ಲ ಮಗಳೇ.

ಮತ್ತು ಇವಳಿಗೆ ನಿಜವಾಗಿ ಬೇಕೋ ಬೇಡವೋ — ಈ ಪ್ರಶ್ನೆ ಕಾರ್ಸಿಕಾನಾ ದಾಟುವಾಗ ತಣ್ಣಗೆ ಬಂದು ಕುತ್ತಿಗೆಯ ಹಿಂದೆ ಕೂತಿತು. ಹೋಗೋಣವೇ ಅಂದಾಗ ಓಕೆ ಅಂದಳು, ಓಕೆ ಅಂದರೆ ಏನು, ಅಪ್ಪನ ಕ್ಲಿಕ್ಕಿಗೂ ಓಕೆ, ಅಮ್ಮನ ಡ್ರೈವಿಗೂ ಓಕೆ, ಎಲ್ಲರ ಆಸೆಗೂ ಜಾಗ ಬಿಟ್ಟು ತಾನು ಗೋಡೆಗೆ ಒತ್ತಿ ನಿಂತವಳು, ಇದೂ ಹಾಗೆ ನನ್ನ ಆಸೆಯೇ ಆಗಿದ್ದರೆ, ಇವಳು ನನಗೋಸ್ಕರ ನಾಲ್ಕು ಗಂಟೆ ಕೂತು ಬರುತ್ತಿದ್ದರೆ. ಇಲ್ಲ, ಇವಳು ಮಕ್ಕಳಿಗೆ ಕಥೆ ಹೇಳಲು ಹೋಗುವ ಆ ಲೈಬ್ರರಿ ಇದೆಯಲ್ಲ. ಹೋದ ಬೇಸಿಗೆ, ಕರೆದುಕೊಂಡು ಬರಲು ಹೊತ್ತಿಗೆ ಮೊದಲೇ ಹೋಗಿ ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಕಿವಿ ಕೇಳಿಸದ ಪುಟಾಣಿಗಳು ಸುತ್ತ ಕೂತಿದ್ದವು, ನಡುವೆ ಇವಳು, ಯಾವುದೋ ಕರಡಿಯ ಕಥೆ, ಕೈಯಲ್ಲಿ, ಹುಬ್ಬಿನಲ್ಲಿ, ಭುಜದಲ್ಲಿ ಹೇಳುತ್ತಿದ್ದಾಳೆ, ಕರಡಿ ಮರ ಹತ್ತಿತು, ಜಾರಿತು, ಬಿತ್ತು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು, ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಹುಡುಗಿಯ ಕೈಗಳು ಸಂತೆಯ ಹಾಗೆ ಹರಟುತ್ತಿದ್ದವು, ನನ್ನನ್ನು ಕಂಡದ್ದೇ ಎರಡೂ ಕೈ ಜೇಬಿಗೆ ಹೋದವು. ಆ ಕೈಗಳು ಸುಳ್ಳು ಹೇಳಿರಲಾರವು. ಎನಿಸ್ ದಾಟಿತು, ರಸ್ತೆ ಅಗಲವಾಯಿತು, ದೂರದಲ್ಲಿ ಡ್ಯಾಲಸ್ಸಿನ ಗಾಜಿನ ಕಟ್ಟಡಗಳು ಮಂಜಿನಲ್ಲಿ ಮೊಳೆ ಹೊಡೆದ ಹಾಗೆ. ನಾನು ಮಾತಾಡುವುದಿಲ್ಲ. ಹಲ್ಲಿನ ನಡುವೆ ನಾಲಗೆ ಇಟ್ಟುಕೊಂಡಾದರೂ ಸರಿ. ಇವಳು ಕೇಳದಿದ್ದರೆ ತಿರುಗಿ ಬರುತ್ತೇವೆ, ಅಷ್ಟು ದೂರವೂ ತಿರುಗಿ ಬರುತ್ತೇವೆ, ಆದರೆ ಇವಳ ಬದಲು ನಾನು ಕೇಳಿದರೆ ಆ ಸೀಟು ನನ್ನದಾಗುತ್ತದೆ.

ಕಾಲೇಜಿನ ಕಚೇರಿಯೊಳಗೆ ಬಿಸಿಗಾಳಿ, ಕಾಫಿಯ ವಾಸನೆ, ಅವತ್ತಿನ ಹುಡುಗಿಯಿಲ್ಲ, ಕನ್ನಡಕದ ಯುವಕನೊಬ್ಬ, ಹಲೋ, ನಿಶಿತಾ, ಹೌದು ಹೌದು, ಬರುತ್ತೀರೆಂದು ಬರೆದಿದ್ದಿರಿ, ಬಂದಿರೆಂದು ಗುರುತು ಹಾಕಿಕೊಂಡೆ, ಇನ್ನೇನಾದರೂ ಬೇಕಿತ್ತೇ? ಪ್ರೊಫೆಸರ್ — ಅಂದಳು ನಿಶಿತಾ, ಅಷ್ಟೇ, ಮುಂದೆ ಬರಲಿಲ್ಲ. ಅವರು ಒಳಗಿದ್ದಾರೆ, ಅಂದ ಯುವಕ, ಕಾರಿಡಾರಿನ ಕೊನೆಯ ಗಾಜಿನ ಕೋಣೆಯ ಕಡೆ ಕತ್ತು ತಿರುಗಿಸಿ, ಆದರೆ ಇವತ್ತು ಯಾರನ್ನೂ ನೋಡುವ ಏರ್ಪಾಡಿಲ್ಲ, ಸ್ವಲ್ಪ ಹೊತ್ತಿಗೆ ಅವರಿಗೆ ಕ್ಲಾಸಿದೆ, ಬೇಕಿದ್ದರೆ ನಾನು ಕೇಳಿ ನೋಡಬಹುದು, ಇಲ್ಲವೇ ಮುಂದಿನ ಸಲ ಸಾಕೇ? ಐ ಆಮ್ — ಅಂದಳು ನಿಶಿತಾ. ಮೃಣಾಲಿನಿಯ ನಾಲಗೆ ಹಲ್ಲಿನ ನಡುವೆ, ಉಪ್ಪುಪ್ಪು, ರಕ್ತವೇ ಇರಬೇಕು, ಗುಡ್ ಅನ್ನಬೇಡ, ಅನ್ನಬೇಡ, ನೆಲ ನೋಡಿದಳು, ನೆಲದ ಹಾಸಿನ ಮೇಲೆ ಯಾರದೋ ಒದ್ದೆ ಹೆಜ್ಜೆ, ಯುವಕನ ಕಣ್ಣು ಪರದೆಗೆ ಮರಳುತ್ತಿದೆ, ಎರಡನೇ ಸಲ ಕೇಳಲಾರ, ಕೇಳಬೇಕಾದ್ದೂ ಇಲ್ಲ, ಒಳ್ಳೆಯ ಹುಡುಗ, ಮರ್ಯಾದೆಗೆ ಬಿಟ್ಟುಬಿಡುತ್ತಾನೆ, ಈಗ ನಾನು ಒಂದು ಮಾತು, ಒಂದೇ ಒಂದು — ಇಲ್ಲ. ಕ್ಯಾನ್ ಐ ಗೋ ಆಸ್ಕ್ ಹರ್ ಮೈಸೆಲ್ಫ್, ಅಂದಿತು ಯಾವುದೋ ದನಿ, ಒಡೆದ ದನಿ, ಮೃಣಾಲಿನಿ ತಲೆಯೆತ್ತಿ ನೋಡಿದಳು, ಮಗಳದೇ. ಶೂರ್, ಅಂದ ಯುವಕ, ಏನೂ ಆಗದವನ ಹಾಗೆ.

ಹೋಗುತ್ತಿದ್ದಾಳೆ. ಉದ್ದ ಕಾರಿಡಾರ್, ಬೆನ್ನು ಸಣ್ಣದಾಗುತ್ತಿದೆ, ಹುಡ್ ಒಂದು ಕಡೆ ಜಾರಿದೆ, ಸರಿಮಾಡಿಕೋ — ಮಾತಾಡಬಾರದು. ಬಾಗಿಲು ತಟ್ಟಬೇಕಲ್ಲ, ತಟ್ಟಿದರೂ ಒಳಗಿರುವಾಕೆಗೆ ಹೇಗೆ ಕೇಳಿಸುತ್ತದೆ, ನಿಶಿತಾ ತಟ್ಟಲಿಲ್ಲ, ಚೌಕಟ್ಟಿನ ಬದಿಯ ಒಂದು ಸಣ್ಣ ಗುಂಡಿ ಒತ್ತಿದಳು, ಒಳಗೆ ದೀಪ ಮಿಣುಕಿ ಆರಿತು, ಇದೆಲ್ಲ ಇವಳಿಗೆ ಹೇಗೆ ಗೊತ್ತು, ಏನೆಲ್ಲ ಗೊತ್ತು ಇವಳಿಗೆ. ನರೆಗೂದಲಿನ ಹೆಂಗಸು ತಲೆಯೆತ್ತಿದಳು, ಕೈ ಬೀಸಿ ಕರೆದಳು, ಬಾಗಿಲು ಮುಚ್ಚಿತು. ಇನ್ನು ಗಾಜು ಮಾತ್ರ. ಸದ್ದಿಲ್ಲ, ಗಾಜಿಲ್ಲದಿದ್ದರೂ ಇರುತ್ತಿರಲಿಲ್ಲ. ಹೆಂಗಸಿನ ಹುಬ್ಬು ಮೇಲೇರಿ ಏನೋ ಕೇಳಿತು, ಏಕೆ ಬಂದೆ ಅಂತಿರಬೇಕು, ಅವತ್ತು ಬೇಡ ಅಂದವಳು ನೀನೇ ಅಲ್ಲವೇ ಅಂತಿರಬೇಕು, ನಿಶಿತಾಳ ಕೈಗಳು ಜೇಬಿನಲ್ಲಿವೆ, ಇನ್ನೂ ಜೇಬಿನಲ್ಲಿವೆ, ಕೌಂಟರಿನ ಬಳಿಯ ಕುರ್ಚಿಯಲ್ಲಿ ಕೂತಿದ್ದ ಮೃಣಾಲಿನಿ ಅದರ ಅಂಚಿಗೆ ಸರಿದಳು, ಏಳಲಿಲ್ಲ — ಬಂದವು ಹೊರಗೆ. ಎರಡೂ ಅಂಗೈ ಮೇಲೆ ತೆರೆದು, ಬೆರಳು ತುಸು ಬಾಗಿ, ಗಾಳಿಯಲ್ಲಿದ್ದ ಏನನ್ನೋ ಹಿಡಿದು ತನ್ನ ಎದೆಯ ಕಡೆಗೆ ಎಳೆದುಕೊಂಡವು. ಆ ಭಾಷೆಯ ಒಂದು ಅಕ್ಷರವೂ ತನಗೆ ಬರುವುದಿಲ್ಲ, ಆದರೂ ಇದು ‘ಬೇಕು’ ಅಲ್ಲದೆ ಇನ್ನೇನು. ಹೆಂಗಸು ತಲೆ ಓರೆ ಮಾಡಿ ಮತ್ತೆ ಏನೋ ಕೇಳಿದಳು, ಎರಡನೇ ಸಲ, ಎಲಾ, ಎರಡನೇ ಸಲ ಕೇಳಿದಳಲ್ಲ, ಅಥವಾ ನಿಜವೇ ಅಂತ ಪರೀಕ್ಷಿಸಿದಳೋ, ನಿಶಿತಾಳ ಇಡೀ ಮೈ ಮುಂದೆ ಬಾಗಿತು, ಈ ಸಲ ದೊಡ್ಡದಾಗಿ, ಭುಜದಿಂದ, ನಾಚಿಕೆಯಿಲ್ಲದೆ, ಅಂಗೈ ಎರಡೂ ಮೇಲೆ ತೆರೆದು ಎದೆಯ ಕಡೆಗೆ. ಹೆಂಗಸು ಗಡಿಯಾರ ನೋಡಿದಳು, ಕೋಟು ಎತ್ತಿಕೊಂಡಳು, ಸೀಟು ಕೊಡುತ್ತಾರೋ ಇಲ್ಲವೋ, ಅದು ಆಮೇಲೆ, ಫೆಬ್ರವರಿ ಕೊನೆಗೆ, ಯಾರಿಗೆ ಗೊತ್ತು, ಈಗ ಇಷ್ಟೇ, ಗಾಜಿನ ಆಚೆ ಮಗಳ ಎರಡು ಕೈ, ತೆರೆದ ಅಂಗೈ, ಬಾಗಿದ ಬೆರಳು, ಎದೆಯ ಕಡೆಗೆ, ಮತ್ತೆ ಎದೆಯ ಕಡೆಗೆ —